ಬುಧವಾರದ ಬೆಟ್ಟ, ಭಾನುವಾರದ ಬೆಟ್ಟ: ನಂದಿಯ ಬುಡದಿಂದ ಸಚಿವ ಸಂಪುಟಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು ಹಾಗೂ ಸಚಿವ ಸಂಪುಟದ ಎಲ್ಲ ಸದಸ್ಯರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ನಂದಿಗಿರಿಧಾಮದ ವಾರಾಂತ್ಯದ ದಟ್ಟಣೆ, ರೋಪ್‌ವೇ ಮತ್ತು ಮೆಟ್ಟಿಲ ದಾರಿಯ ಕುರಿತು.

ಮಾನ್ಯರೇ,

2025ರ ಜುಲೈ 2ರಂದು ತಾವು ನಂದಿಬೆಟ್ಟದ ಮೇಲೆ ಸಚಿವ ಸಂಪುಟದ ಸಭೆ ನಡೆಸಿದಿರಿ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೆಂಗಳೂರು ಉತ್ತರವಾಗಲಿ, ಬಾಗೇಪಲ್ಲಿ ಭಾಗ್ಯನಗರವಾಗಲಿ ಎಂಬ ತೀರ್ಮಾನಗಳು ಹೊರಬಿದ್ದದ್ದು ಆ ಸಭೆಯಿಂದಲೇ. ವಿಧಾನಸೌಧ ಬಿಟ್ಟು ನಮ್ಮ ಕಡೆ ಬಂದದ್ದು ನಮಗೂ ಸಂತೋಷ. ಆದರೆ ಅಂದು ಬುಧವಾರ. ಬುಧವಾರದ ಬೆಟ್ಟ ಬೇರೆ, ಭಾನುವಾರದ ಬೆಟ್ಟ ಬೇರೆ. ತಾವು ನೋಡಿ ಹೋದದ್ದು ಮೊದಲನೆಯದನ್ನು. ನಾನು ಬರೆಯುತ್ತಿರುವುದು ಎರಡನೆಯದರ ಬಗ್ಗೆ.

ನಾನು ಬೆಟ್ಟದ ಬುಡದ ಹಳ್ಳಿಯವಳು. ಸೇವಂತಿಗೆ, ಗುಲಾಬಿ ಬೆಳೆಯುವ ಮನೆ ನಮ್ಮದು. ಹೂವಿಗೆ ಭಾನುವಾರದ ರಜೆಯಿಲ್ಲ. ಬೆಳಗಿನ ಜಾವ ಕಿತ್ತದ್ದು ಬಿಸಿಲೇರುವ ಮೊದಲು ಚಿಕ್ಕಬಳ್ಳಾಪುರದ ಮಾರುಕಟ್ಟೆ ಮುಟ್ಟಬೇಕು, ತಡವಾದರೆ ಕೇಳುವವರಿಲ್ಲ. ಅಕ್ಕಪಕ್ಕದವರಿಗೆ ಹಾಲಿನ ಚಿಂತೆ. ಡೈರಿಗೆ ಹಾಲು ಹಾಕಲು ಒಂದು ಹೊತ್ತಿದೆ, ಅದು ಮೀರಿದರೆ ಕ್ಯಾನು ಹೊತ್ತುಕೊಂಡು ಮನೆಗೆ ವಾಪಸ್ಸು. ಶನಿವಾರ ರಾತ್ರಿ ಬಂತೆಂದರೆ ನಾವು ಮಾತಾಡಿಕೊಳ್ಳುವುದು ಮಳೆಯ ಬಗ್ಗೆಯಲ್ಲ, ರಸ್ತೆಯ ಬಗ್ಗೆ.

ಭಾನುವಾರ ಏನಾಗುತ್ತದೆ ಎಂಬುದನ್ನು ಕಂಡಂತೆ ಹೇಳುತ್ತೇನೆ. ಇನ್ನೂ ಕತ್ತಲಿರುವಾಗಲೇ ಸೈಲೆನ್ಸರ್ ಬದಲಿಸಿದ ಬೈಕುಗಳ ಸದ್ದು ಶುರು. ಮಲಗಿದ ಕೂಸುಗಳು ಬೆಚ್ಚಿ ಏಳುತ್ತವೆ, ನಾಯಿಗಳು ಬೆಳಗಿನವರೆಗೂ ಸುಮ್ಮನಾಗುವುದಿಲ್ಲ. ಅವುಗಳ ಹಿಂದೆ ಕಾರುಗಳು. ಹೈದರಾಬಾದ್ ಹೆದ್ದಾರಿಯಿಂದ ತಿರುಗಿ ಕಾರಹಳ್ಳಿ ಕ್ರಾಸ್ ದಾಟಿ ಬೆಟ್ಟದ ಗೇಟಿನ ತನಕ ಒಂದೇ ಸಾಲು, ದೀಪ ಉರಿಸಿಕೊಂಡು ನಿಂತಿರುತ್ತದೆ. ಗೇಟು ತೆರೆಯುವ ಮೊದಲೇ ರಸ್ತೆ ತುಂಬಿರುತ್ತದೆ. ತೆರೆದ ಮೇಲೆ ತಿರುವು ತಿರುವಿಗೂ ನಿಂತು ನಿಂತು ಹತ್ತಬೇಕು. ಕ್ಲಚ್ ಸುಟ್ಟ ವಾಸನೆ ಕೆಳಗಿನವರೆಗೂ ಬರುತ್ತದೆ. ಅರ್ಧ ದಾರಿಯಲ್ಲೇ ಸೂರ್ಯ ಹುಟ್ಟಿದ್ದನ್ನು ಕಂಡು ಹಾರ್ನ್ ಒತ್ತುವವರಿದ್ದಾರೆ. ಹಾರ್ನ್ ಕೇಳಿ ಸೂರ್ಯನೇನು ನಿಲ್ಲುವುದಿಲ್ಲ. ಮೇಲೆ ಮುಟ್ಟಿದವರಿಗೂ ಎಷ್ಟೋ ದಿನ ಮಂಜಿನಲ್ಲಿ ಎದುರಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಒಂಬತ್ತು ಗಂಟೆಗೆಲ್ಲ ಮೇಲೆ ಹೋದವರು ಇಳಿಯಲು ಶುರು, ಕೆಳಗಿನಿಂದ ತಡವಾಗಿ ಬಂದವರು ಹತ್ತಲು ಶುರು, ಮತ್ತೆ ಅದೇ ರಸ್ತೆ.

ಈ ಗದ್ದಲದಲ್ಲಿ ನಮ್ಮ ಹೂವಿನ ಲಗೇಜ್ ಆಟೊ ಸಿಕ್ಕಿಕೊಂಡರೆ ಆ ದಿನದ ಕೂಲಿಯೂ ಗಿಟ್ಟುವುದಿಲ್ಲ. ಅದನ್ನಾದರೂ ನಷ್ಟ ಎಂದು ಬರೆದುಕೊಳ್ಳಬಹುದು. ಹೆರಿಗೆ ನೋವಿನ ಹೆಂಗಸನ್ನು ಅದೇ ರಸ್ತೆಯಲ್ಲಿ ಕರೆದೊಯ್ಯಬೇಕಾದ ಮನೆಯವರ ಎದೆಬಡಿತವನ್ನು ಯಾವ ಲೆಕ್ಕದಲ್ಲಿ ಬರೆಯುವುದು? ಇನ್ನೊಂದು ಮಾತು, ಹೇಳಲು ಸಂಕೋಚವಾದರೂ ಹೇಳಲೇಬೇಕು. ಗಂಟೆಗಟ್ಟಲೆ ಸಾಲಿನಲ್ಲಿ ಸಿಕ್ಕಿಬಿದ್ದವರಿಗೆ ದಾರಿಯುದ್ದಕ್ಕೂ ಸಾಕಷ್ಟು ಶೌಚಾಲಯವಿಲ್ಲ. ಗಂಡಸರು ನಮ್ಮ ಹೊಲದ ಬದುವಿಗೆ ತಿರುಗಿ ನಿಲ್ಲುತ್ತಾರೆ. ಹೆಂಗಸರು ನಮ್ಮ ಮನೆಯ ಬಾಗಿಲು ತಟ್ಟುತ್ತಾರೆ. ತಟ್ಟಿದವರನ್ನು ನಾವು ಯಾವತ್ತೂ ಇಲ್ಲವೆಂದು ಕಳಿಸಿಲ್ಲ. ಆದರೆ ಇಡೀ ರಾಜ್ಯದ ಪ್ರವಾಸೋದ್ಯಮ ಹಳ್ಳಿಯವರ ಬಚ್ಚಲುಮನೆಯ ಮೇಲೆ ನಡೆಯಬಾರದು.

ಬರುವವರನ್ನು ಬಯ್ಯಲು ಈ ಪತ್ರ ಬರೆಯುತ್ತಿಲ್ಲ. ಕೋಟಿ ದಾಟಿದ ಜನಸಂಖ್ಯೆಯ ನಗರಕ್ಕೆ ಉಸಿರಾಡಲು ಇರುವುದು ಲಾಲ್‌ಬಾಗ್, ಕಬ್ಬನ್ ಪಾರ್ಕ್ ಮತ್ತೆ ಅಲ್ಲೊಂದು ಇಲ್ಲೊಂದು ಕೆರೆಯಂಚು. ವಾರವಿಡೀ ಗಾಜಿನ ಕಟ್ಟಡದೊಳಗೆ ದುಡಿದ ಹುಡುಗ ಹುಡುಗಿಯರು 60 ಕಿಲೋಮೀಟರ್ ದೂರದ ಬೆಟ್ಟಕ್ಕೆ ಬಂದು ತಣ್ಣಗೆ ಗಾಳಿ ಕುಡಿಯಬಾರದು ಎಂದರೆ ಅದು ಕಲ್ಲುಹೃದಯ. ಅವರು ಬರಲಿ. ಎಲ್ಲರೂ ಒಂದೇ ದಿನ, ಒಂದೇ ಗಂಟೆಯಲ್ಲಿ, ಒಂದೇ ರಸ್ತೆಯಲ್ಲಿ, ತಲೆಗೊಂದು ವಾಹನದಲ್ಲಿ ಬರುವಂತೆ ಬಿಟ್ಟಿರುವ ವ್ಯವಸ್ಥೆಯ ಮೇಲೆ ನನ್ನ ದೂರು.

ನಂದಿಬೆಟ್ಟವನ್ನು ನಾವು ಒಂದು ಗಂಟೆಯ ಬೆಟ್ಟ ಮಾಡಿಬಿಟ್ಟಿದ್ದೇವೆ. ಜಾಹೀರಾತಿನಲ್ಲಿ ಸೂರ್ಯೋದಯ, ಮೊಬೈಲಿನಲ್ಲಿ ಸೂರ್ಯೋದಯ, ಹೋಗಿ ಬಂದವರ ಬಾಯಲ್ಲೂ ಅದೇ. ಹಿಂದೆ ಹೀಗಿರಲಿಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಜಾಗಕ್ಕೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲೆಂದು ಬರುತ್ತಿದ್ದ, ಅವನಿದ್ದ ಬಂಗಲೆ ಇಂದೂ ಇದೆ. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ಇಲ್ಲಿ ವಾರಗಟ್ಟಲೆ ಉಳಿದು ಚೇತರಿಸಿಕೊಂಡರು, 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ದೇಶದೇಶಗಳ ನಾಯಕರನ್ನು ಬಿಡುವಿನ ಮಾತಿಗೆ ಕರೆತಂದದ್ದು ಇಲ್ಲಿಗೇ. ಇವರೆಲ್ಲ ಸೂರ್ಯ ಹುಟ್ಟಿದ್ದನ್ನು ನೋಡಿ ಒಂಬತ್ತಕ್ಕೆ ಇಳಿದು ಹೋದವರಲ್ಲ. ಬೆಟ್ಟದಲ್ಲಿ ಇರಲು ಬಂದವರು.

ಬುಡದಲ್ಲಿ ಬದುಕುವ ನಮಗೆ ಗೊತ್ತು, ಈ ಬೆಟ್ಟ ಹನ್ನೆರಡು ತಿಂಗಳೂ ಬೆಳಗಿನಿಂದ ಸಂಜೆಯವರೆಗೂ ಚೆಂದ. ಜೂನ್–ಜುಲೈಯಲ್ಲಿ ಮುಂಗಾರಿನ ಮೋಡ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಕಾಡಿನೊಳಗೆ ನುಗ್ಗಿದರೆ ಮರದ ಎಲೆಗಳಿಂದಲೇ ಮಳೆ ತೊಟ್ಟಿಕ್ಕುತ್ತದೆ, ಆಗ ಅಲ್ಲಿ ಜನವೇ ಇರುವುದಿಲ್ಲ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ನೀಲಿ ಬಣ್ಣದ ಪುಟ್ಟ ನೊಣಹಿಡುಕಗಳು, ಬಂಡೆಸಿಳ್ಳಾರಗಳು ಬಂದಿಳಿಯುತ್ತವೆ. ಪಶ್ಚಿಮಘಟ್ಟದ ನೀಲಗಿರಿ ಕಾಡು ಪಾರಿವಾಳ ಇಷ್ಟು ಪೂರ್ವಕ್ಕೆ, ಈ ಬಯಲುಸೀಮೆಯ ಮಧ್ಯದಲ್ಲಿ ಇದೆಯೆಂದರೆ ಅದಕ್ಕೆ ಕಾರಣ ಬೆಟ್ಟದ ನೆತ್ತಿಯ ಮೇಲೆ ಉಳಿದಿರುವ ಆ ತೇವದ ಕಾಡು. ಬಂಡೆಗಳ ಸಂದಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ, ಅದನ್ನೇ ಹುಡುಕಿಕೊಂಡು ದೂರದೂರದಿಂದ ಕ್ಯಾಮೆರಾ ಹೊತ್ತವರು ಬರುತ್ತಾರೆ. ಏಪ್ರಿಲ್‌ನಲ್ಲಿ ಬೆಂಗಳೂರು ಬೇಯುವಾಗ ಬೆಟ್ಟದ ಮೇಲಿನ ಅಮೃತ ಸರೋವರದ ಮೆಟ್ಟಿಲಲ್ಲಿ ಕೂತವರಿಗೆ ಸೆಕೆಯ ನೆನಪೂ ಬರುವುದಿಲ್ಲ. ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಗುಡಿ. ಸಾವಿರದ ಇನ್ನೂರು ವರ್ಷದ ಹಿಂದೆ ಶುರುವಾಗಿ ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ಕೈಹಚ್ಚಿದ ಗುಡಿ ಅದು. ಅದರ ಕಲ್ಯಾಣಿಯ ಮುಂದೆ ಅರ್ಧ ದಿನ ಕೂತರೂ ಸಾಲದು. ಬೆಟ್ಟದ ಮೇಲಕ್ಕೆ ಓಡುವ ಕಾರುಗಳಲ್ಲಿ ಎಷ್ಟು ಜನರಿಗೆ ಈ ಗುಡಿ ಇರುವುದೇ ಗೊತ್ತು?

ಇದನ್ನೆಲ್ಲ ಹೇಳಿದ್ದು ಊರ ಹೊಗಳಿಕೆಗಾಗಿ ಅಲ್ಲ. ಇಷ್ಟು ಹೊತ್ತು, ಇಷ್ಟು ತಿಂಗಳು, ಇಷ್ಟು ಜಾಗ ಖಾಲಿ ಬಿದ್ದಿರುವಾಗ ಭಾನುವಾರದ ಒಂದು ಗಂಟೆಯ ಮೇಲೆ ಎಲ್ಲರನ್ನೂ ತಂದು ಸುರಿಯುತ್ತಿದ್ದೇವೆ. ಹಂಚಿದರೆ ಬೆಟ್ಟವೂ ಉಳಿಯುತ್ತದೆ, ಬಂದವರಿಗೂ ಬೆಟ್ಟ ಸಿಗುತ್ತದೆ.

ಹಂಚುವ ಕೆಲಸ ಆಡಳಿತದ್ದು. ಇಷ್ಟು ವರ್ಷ ನಾವು ನೋಡಿದ ಆಡಳಿತದ ಕೈಯಲ್ಲಿ ಇರುವುದು ಬೀಗ ಒಂದೇ. 2021ರ ಜುಲೈಯಲ್ಲಿ ಕೋವಿಡ್ ನಿರ್ಬಂಧ ಸಡಿಲವಾದ ಕೂಡಲೇ ಸಾವಿರಾರು ಜನ ನುಗ್ಗಿದರು, ವಾರಾಂತ್ಯಕ್ಕೆ ಬೀಗ ಬಿತ್ತು. ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು, ಡಿಸೆಂಬರ್‌ವರೆಗೆ ಬೀಗ. ಪ್ರತಿ ವರ್ಷ ಹೊಸವರ್ಷದ ಹಿಂದಿನ ಸಂಜೆ ಬೀಗ. 2025ರಲ್ಲಿ ರಸ್ತೆ ದುರಸ್ತಿಗೆಂದು ಮಾರ್ಚ್ ಕೊನೆಯಿಂದ ಒಂದು ತಿಂಗಳು ಸೋಮವಾರದಿಂದ ಶುಕ್ರವಾರದವರೆಗೆ ಮುಚ್ಚಿ ಶನಿವಾರ, ಭಾನುವಾರ ಮಾತ್ರ ಬಿಟ್ಟರು. ಹಂಚಬೇಕಾದವರು ಇನ್ನಷ್ಟು ಒತ್ತಿ ತುಂಬಿದಂತಾಯಿತು. ಒಂದೊಂದಕ್ಕೂ ಕಾರಣವಿತ್ತು, ಇಲ್ಲವೆನ್ನುವುದಿಲ್ಲ. ಬೀಗ ತೆಗೆದ ಮರುದಿನ ಮಾತ್ರ ಎಲ್ಲವೂ ಮೊದಲಿನಂತೆಯೇ. ಮುಚ್ಚಿದಷ್ಟು ದಿನವೂ ಸೀಬೆಹಣ್ಣು, ಸೌತೆಕಾಯಿ, ಚುರುಮುರಿ ಮಾರುವವರ ಒಲೆ ಆರುತ್ತದೆ. ಅವರಿಗೆ ಭಾನುವಾರವೇ ವಾರದ ಸಂಪಾದನೆ. ಜನ ಏಳು ದಿನಕ್ಕೆ ಹಂಚಿಹೋದರೆ ಅವರ ವ್ಯಾಪಾರವೂ ಹಂಚಿಹೋಗಿ ಬದುಕು ಸ್ವಲ್ಪ ನೆಟ್ಟಗಾಗುತ್ತದೆ.

2021ರ ಆಗಸ್ಟ್ 24ರ ರಾತ್ರಿಯ ಕುಸಿತದ ಬಗ್ಗೆ ಎರಡು ಮಾತು ಹೆಚ್ಚಾಗಿ ಬರೆಯಬೇಕು. ಪಕ್ಕದ ಬೆಟ್ಟ ಬ್ರಹ್ಮಗಿರಿಯ ಕಡೆಯಿಂದ ಮಣ್ಣು, ಬಂಡೆ, ಮರ ಎಲ್ಲ ಒಟ್ಟಿಗೆ ಜಾರಿ ರಸ್ತೆಯನ್ನೇ ಕಿತ್ತುಕೊಂಡು ಹೋಯಿತು. ರಾತ್ರಿಯಾದ್ದರಿಂದ ಬಚಾವಾದೆವು. ಅದೇ ಭಾನುವಾರದ ಬೆಳಗಾಗಿದ್ದರೆ, ಆ ತಿರುವಿನಲ್ಲಿ ವಾಹನಗಳು ಒಂದಕ್ಕೊಂದು ತಾಗಿ ನಿಂತಿರುತ್ತಿದ್ದವು. ಈ ಬೆಟ್ಟ ಹೆಬ್ಬಂಡೆ, ಅದರ ಮೇಲೆ ತೆಳುವಾಗಿ ಮಣ್ಣು, ಮಣ್ಣನ್ನು ಹಿಡಿದಿರುವುದು ಬೇರು. ಜೋರು ಮಳೆಯ ನೀರು ಬಂಡೆಗೂ ಮಣ್ಣಿಗೂ ನಡುವೆ ನುಗ್ಗಿದರೆ ಮೇಲಿನದು ಜಾರುತ್ತದೆ. ಇದನ್ನು ತಿಳಿಯಲು ತಜ್ಞರೇ ಬೇಕಿಲ್ಲ, ಇಳಿಜಾರಿನಲ್ಲಿ ಹೊಲ ಇರುವ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ರಸ್ತೆ ಮರುಕಟ್ಟಿದ್ದಾಯಿತು, ಒಳ್ಳೆಯದು. ಮಳೆಗಾಲದಲ್ಲಿ ಎಷ್ಟು ಮಳೆ ಬಿದ್ದರೆ ವಾಹನ ನಿಲ್ಲಿಸಬೇಕು ಎಂಬ ನಿಯಮವೇನಾದರೂ ಇದ್ದರೆ ಅದು ಕೆಳಗಿನ ಹಳ್ಳಿಗಳಿಗೆ ತಿಳಿದಿಲ್ಲ. 2022ರ ಫೆಬ್ರುವರಿಯಲ್ಲಿ ಅದೇ ಬ್ರಹ್ಮಗಿರಿಯ ಬಂಡೆಯಿಂದ ಜಾರಿ ಸಿಕ್ಕಿಬಿದ್ದ 19ರ ಹುಡುಗನನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಹೆಲಿಕಾಪ್ಟರ್ ಬಂದದ್ದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದೆವು. ಯಾವ ದಾರಿ ಹತ್ತಬಹುದು, ಯಾವುದು ಹತ್ತಬಾರದು ಎಂದು ತಿಳಿಸುವ ಮನುಷ್ಯ ಬುಡದಲ್ಲಿ ಏಕಿರಲಿಲ್ಲ ಎಂದು ಕೇಳಿದವರು ಕಡಿಮೆ.

ಈಗ ರೋಪ್‌ವೇ ವಿಷಯ. ಬುಡದಿಂದ ನೆತ್ತಿಗೆ ತಂತಿಗೆ ತೂಗುಹಾಕಿದ ಪೆಟ್ಟಿಗೆಗಳಲ್ಲಿ ಜನರನ್ನು ಸಾಗಿಸುವ ಯೋಜನೆ ಅದು. ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ಸುಮಾರು 93 ಕೋಟಿ ರೂಪಾಯಿ ಅಂದಾಜು, ಖಾಸಗಿ ಸಹಭಾಗಿತ್ವ. 2023ರ ಮಾರ್ಚ್‌ನಲ್ಲಿ ಅಡಿಗಲ್ಲು ಹಾಕಿದ್ದು ಹಿಂದಿನ ಸರ್ಕಾರ. ಹಿಂದಿನವರದ್ದು, ಇಂದಿನವರದ್ದು ಎಂಬ ವಾದ ನಮಗೆ ಬೇಡ. ನಾನು ರೋಪ್‌ವೇ ವಿರೋಧಿಯೂ ಅಲ್ಲ. ಮಂಡಿನೋವಿನ ಅಜ್ಜಿಗೆ, ಗಾಲಿಕುರ್ಚಿಯ ಮಗುವಿಗೆ ಬೆಟ್ಟದ ಮೇಲಿನ ಯೋಗನಂದೀಶ್ವರನನ್ನು ಕಾಣುವ ಹಕ್ಕು ನನ್ನಷ್ಟೇ ಇದೆ. ಆದರೆ ಒಂದು ಪ್ರಶ್ನೆಗೆ ಸರ್ಕಾರ ಬರವಣಿಗೆಯಲ್ಲಿ ಉತ್ತರ ಕೊಡಬೇಕು: ರೋಪ್‌ವೇ ಓಡಲು ಶುರುವಾದ ದಿನದಿಂದ ಖಾಸಗಿ ವಾಹನಗಳಿಗೆ ಮೇಲಿನ ರಸ್ತೆ ಮುಚ್ಚುತ್ತದೆಯೋ ಇಲ್ಲವೋ?

ಮುಚ್ಚುತ್ತದೆ ಎಂದರೆ ಆ ಯೋಜನೆಗೆ ಅರ್ಥವಿದೆ. ಹೊಗೆ ಇಳಿಯುತ್ತದೆ, ತಿರುವಿನಲ್ಲಿ ಜನ ಸಾಯುವುದು ತಪ್ಪುತ್ತದೆ. ಮುಚ್ಚುವುದಿಲ್ಲ ಎಂದರೆ ರಸ್ತೆಯಿಂದ ಬರುವವರ ಜೊತೆಗೆ ತಂತಿಯಿಂದ ಬರುವವರೂ ಸೇರುತ್ತಾರೆ. ನೆತ್ತಿಯ ಜಾಗವೇನೂ ಹಿಗ್ಗುವುದಿಲ್ಲ. ಕೋಟೆಗೋಡೆಯೊಳಗೆ ಇರುವಷ್ಟೇ ನೆಲ, ಇರುವಷ್ಟೇ ನೀರು, ಇರುವಷ್ಟೇ ಕಾಡು. ದಿನಕ್ಕೆ ಎಷ್ಟು ಜನರನ್ನು ಆ ನೆತ್ತಿ ತಾಳುತ್ತದೆ ಎಂದು ಮೊದಲು ಅಳೆಯಬೇಕು, ಆಮೇಲೆ ಎಷ್ಟು ಪೆಟ್ಟಿಗೆ ತೂಗುಹಾಕಬೇಕೆಂದು ಗುಣಿಸಬೇಕು. ಬಂಡವಾಳ ಹಾಕಿದವರಿಗೆ ಪೆಟ್ಟಿಗೆ ತುಂಬಿದಷ್ಟೂ ಲಾಭ. ಅವರನ್ನು ಮಿತಿ ಹಾಕಿಕೊಳ್ಳಿ ಎಂದು ಆಮೇಲೆ ಕೇಳಿದರೆ ಒಪ್ಪಂದದ ಕಾಗದ ತೋರಿಸುತ್ತಾರೆ. ಆದ್ದರಿಂದ ಮಿತಿ ಒಪ್ಪಂದದೊಳಗೇ ಇರಬೇಕು. ಈ ಬೆಟ್ಟ ಕಾಣುವಷ್ಟು ಹತ್ತಿರದಲ್ಲೇ ಮುದ್ದೇನಹಳ್ಳಿಯಿದೆ, ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಸೀಮೆಯ ಜನ ಸರ್ಕಾರವನ್ನು ಕೇಳುತ್ತಿರುವುದು ಒಂದು ಲೆಕ್ಕವನ್ನು ಮಾತ್ರ. ಅದನ್ನು ಅಭಿವೃದ್ಧಿಗೆ ಅಡ್ಡಿ ಎಂದು ಕರೆಯಬೇಡಿ.

ಮಿತಿ ಹಾಕುವುದು ಸಾಧ್ಯವಿಲ್ಲ, ಜನ ಒಪ್ಪುವುದಿಲ್ಲ ಎಂಬ ಉತ್ತರವನ್ನು ಅಧಿಕಾರಿಗಳ ಬಾಯಿಂದ ಕೇಳಿ ಸಾಕಾಗಿದೆ. ನಂದಿಯ ಮೇಲೆ ನಿಂತರೆ ಎದುರಿಗೆ ಕಾಣುವುದು ಸ್ಕಂದಗಿರಿ, ನಮ್ಮ ಬಾಯಲ್ಲಿ ಕಳವಾರ ಬೆಟ್ಟ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜಾತ್ರೆ ಸೇರಿದ ಮೇಲೆ ಸರ್ಕಾರ ಎಚ್ಚೆತ್ತುಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣ ತೆರೆದು, ಒಂದು ಚಾರಣದ ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಸ್ಕಂದಗಿರಿಗೂ ಮುಂಗಡ ಕಾಯ್ದಿರಿಸಿಯೇ ಹೋಗಬೇಕು. ಜನ ಗೊಣಗಿದರು, ಆಮೇಲೆ ಕಾಯ್ದಿರಿಸಿಕೊಂಡು ಬಂದರು. ಅದೇ ಸರ್ಕಾರ, ಅದೇ ಜಿಲ್ಲೆ, ಎದುರುಬದುರಿನ ಎರಡು ಬೆಟ್ಟ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ? ನಂದಿಗೆ 300 ಎನ್ನಬೇಕಿಲ್ಲ, ಇದು ರಸ್ತೆಯಿರುವ ಗಿರಿಧಾಮ, ಹೆಚ್ಚು ಜನ ಹಿಡಿಯುತ್ತದೆ. ಎಷ್ಟು ಎಂದು ಅಳೆದು ಹೇಳಿ. ಒಂದು ಎಚ್ಚರಿಕೆ ಮಾತ್ರ ಇರಲಿ. ಎಲ್ಲವನ್ನೂ ಮೊಬೈಲಿಗೆ ಕಟ್ಟಿಹಾಕಿದರೆ ಗುಡಿಗೆ ಹರಕೆ ಹೊತ್ತು ಬರುವ ಹಳ್ಳಿಯ ಮುದುಕಿ ಹೊರಗುಳಿಯುತ್ತಾಳೆ. ನಡೆದು ಹತ್ತುವವರಿಗೆ, ಬಸ್ಸಿನಲ್ಲಿ ಬರುವವರಿಗೆ ಬುಡದಲ್ಲೇ ಚೀಟಿ ಸಿಗಬೇಕು.

ನಡೆದು ಹತ್ತುವವರ ಮಾತು ಬಂತು. ಬುಡದ ಸುಲ್ತಾನ್‌ಪೇಟೆಯಿಂದ ಮೇಲಕ್ಕೆ ಮೆಟ್ಟಿಲ ದಾರಿಯಿದೆ. ಕೋಟೆಯ ಕಾಲದ ಕಲ್ಲುಹಾಸು, ದಾರಿಯಲ್ಲಿ ಹಳೆಯ ಬಾಗಿಲುಗಳು. ರಸ್ತೆ ಆಗುವ ಮೊದಲು ಎಲ್ಲರೂ ಹತ್ತಿದ್ದು ಇಂಥ ದಾರಿಗಳಲ್ಲೇ. ಬೆಟ್ಟಕ್ಕೆ ಬರುವವರಲ್ಲಿ ಗಟ್ಟಿಮುಟ್ಟಾದ ಹರೆಯದವರೇ ಹೆಚ್ಚು, ಅವರಲ್ಲಿ ಕಾಲುಭಾಗ ಈ ದಾರಿ ಹಿಡಿದರೂ ರಸ್ತೆ ಉಸಿರಾಡುತ್ತದೆ. ಆದರೆ ದಾರಿ ಎಲ್ಲಿಂದ ಶುರುವಾಗುತ್ತದೆ ಎಂದು ಹೊಸಬರಿಗೆ ತಿಳಿಯುವಂಥ ಫಲಕ ಹೆದ್ದಾರಿಯಲ್ಲಿ ಕಾಣುವುದಿಲ್ಲ. ಕೆಲವು ಕಡೆ ಕಲ್ಲು ಅಲುಗುತ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಪೊದೆ ದಾರಿಗೆ ಒರಗುತ್ತದೆ. 93 ಕೋಟಿಯ ಲೆಕ್ಕದ ಪಕ್ಕದಲ್ಲಿ ಈ ಕಲ್ಲು ಸರಿಪಡಿಸುವ ಖರ್ಚು ಎಷ್ಟಾದೀತು? ಹೊಸದಾಗಿ ಕಾಂಕ್ರೀಟ್ ಸುರಿಯಬೇಡಿ, ಬಣ್ಣದ ದೀಪ ಹಚ್ಚಬೇಡಿ. ಅದು ಚಿರತೆ ಓಡಾಡುವ ಇಳಿಜಾರು, ರಾತ್ರಿ ಅದರ ಪಾಡಿಗೆ ಅದಿರಲಿ. ಅಲುಗುವ ಕಲ್ಲು ಕೂರಿಸಿ, ಬುಡದಲ್ಲಿ ಶೌಚಾಲಯ ಮತ್ತು ಕುಡಿಯುವ ನೀರು ಕೊಡಿ, ಬೆಳಕಿರುವ ಹೊತ್ತಿನಲ್ಲಿ ಇಬ್ಬರು ಕಾವಲಿನವರನ್ನು ಇಡಿ, ಅಷ್ಟೇ. ನಡೆದು ಬಂದವರಿಗೆ ಪ್ರವೇಶದ ಶುಲ್ಕ ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು.

ಸೈಕಲ್ ತುಳಿದು ಹತ್ತುವ ಬೆಂಗಳೂರಿನವರನ್ನೂ ಇಲ್ಲಿ ನೆನೆಯಬೇಕು. ಊರಿಂದ ಊರಿಗೆ ತುಳಿದುಕೊಂಡು ಬಂದು ಏಳೆಂಟು ಕಿಲೋಮೀಟರ್ ಏರು ಹತ್ತಿ ಅದೇ ದಿನ ಹಿಂದಿರುಗುವ ಆ ಜನಕ್ಕೆ ಕಾರಿನ ಸಾಲಿನ ನಡುವೆ ಸಂದು ಹುಡುಕುವ ಗತಿ. ಹೊಗೆ ಬಿಡದೆ ಬರುವವರನ್ನು ಹೊಗೆ ಕುಡಿಸಿ ಕಳಿಸುತ್ತಿದ್ದೇವೆ.

ಇನ್ನು ರೈಲು. ಯಲಹಂಕದಿಂದ ದೇವನಹಳ್ಳಿ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಗೆ ನೂರು ವರ್ಷ ಮೀರಿದೆ. ಮೊದಲು ಸಣ್ಣ ಗೇಜಿನ ರೈಲಿತ್ತು, ಈಗ ಬ್ರಾಡ್‌ಗೇಜ್ ಆಗಿ ವಿದ್ಯುತ್ ತಂತಿಯೂ ಬಂದಿದೆ. ಅದರಲ್ಲಿ ನಂದಿ ಹಾಲ್ಟ್ ಎಂಬ ಹೆಸರಿನ ನಿಲ್ದಾಣವೇ ಇದೆ, ಹೆಂಚಿನ ಹಳೆಯ ಕಟ್ಟಡ, ಬೆಟ್ಟ ಎದುರಿಗೇ. ಬೆಟ್ಟದ ಹೆಸರು ಹೊತ್ತ ರೈಲು ನಿಲ್ದಾಣ ಇಟ್ಟುಕೊಂಡು ಕಾರಿನಲ್ಲೇ ಬನ್ನಿ ಎನ್ನುವ ರಾಜ್ಯ ನಮ್ಮದು. ರೈಲು ಕೇಂದ್ರದ್ದು, ಬಸ್ಸು ರಾಜ್ಯದ್ದು, ಗೊತ್ತಿದೆ. ಶನಿವಾರ, ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ಹೊರಟು ಬೆಳಕಾಗುವ ಮುನ್ನ ನಂದಿ ಹಾಲ್ಟ್ ಮುಟ್ಟುವ ಒಂದು ರೈಲು, ಅದು ಬಂದು ನಿಂತಾಗ ಹೊರಗೆ ಕಾಯುವ ನಾಲ್ಕು ಬಸ್ಸು: ಇಷ್ಟನ್ನು ಕೇಂದ್ರ, ರಾಜ್ಯ ಎರಡೂ ಕೂತು ಮಾತಾಡಿದರೆ ಆಗದ ಕೆಲಸವೇ? ಕೆಳಗಿನ ಗುಡಿಗೂ ಅದೇ ಬಸ್ಸು ಸುತ್ತಿ ಬಂದರೆ ನಂದಿ ಗ್ರಾಮದ ಹೋಟೆಲಿನವರಿಗೂ ನಾಲ್ಕು ಕಾಸು. 2023ರ ಜನವರಿಯಿಂದ ಆವಲಗುರ್ಕಿಯ ಆದಿಯೋಗಿ ಶಿವನ ಪ್ರತಿಮೆಯನ್ನು ನೋಡಲು ಬರುವವರೂ ಇದೇ ಸೀಮೆಯ ರಸ್ತೆಗಳಿಗೆ ಸೇರಿಕೊಂಡಿದ್ದಾರೆ. ಅವರಿಗೂ ಈ ಬಸ್ಸು ಉಪಯೋಗಕ್ಕೆ ಬರುತ್ತದೆ.

ಈ ಬೆಟ್ಟ ನಿಮ್ಮ ನಲ್ಲಿಗೂ ಸಂಬಂಧಪಟ್ಟದ್ದು ಎಂಬುದನ್ನು ನೆನಪಿಸಲೇ? ಬೆಂಗಳೂರಿಗೆ ಕೊಳವೆಯ ನೀರು ಮೊದಲು ಬಂದದ್ದು 1890ರ ದಶಕದಲ್ಲಿ, ಹೆಸರಘಟ್ಟದ ಕೆರೆಯಿಂದ. ಆ ಕೆರೆಗೆ ನೀರು ತಂದದ್ದು ಅರ್ಕಾವತಿ, ಆಮೇಲೆ ತಿಪ್ಪಗೊಂಡನಹಳ್ಳಿಯನ್ನು ತುಂಬಿಸಿದ್ದೂ ಅವಳೇ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಎಲ್ಲವೂ ಈ ಬೆಟ್ಟಸಾಲಿನ ಮಕ್ಕಳು. ಹುಟ್ಟಿದ ಮನೆಯಲ್ಲೇ ಅವು ಒಣಗಿವೆ, ನಮ್ಮ ಕೊಳವೆಬಾವಿಗಳು ಸಾವಿರ ಅಡಿಯ ಆಚೆ ನೀರು ಹುಡುಕುತ್ತಿವೆ. ಮಳೆಗಾಲದಲ್ಲಿ ಮೇಲಿನಿಂದ ಇಳಿಯುವ ಹಳ್ಳದಲ್ಲಿ ಮೊದಲು ತೇಲಿ ಬರುವುದು ನೀರಿನ ಬಾಟಲಿ, ಚಿಪ್ಸಿನ ಪೊಟ್ಟಣ. ಮೇಲೆ ಕೋತಿಗಳು ಆ ಪೊಟ್ಟಣಗಳನ್ನು ಹರಿದು ನೆಕ್ಕುವುದನ್ನು ನೋಡಿದವರಿಗೆ ನಗು ಬರುವುದಿಲ್ಲ. ಗೇಟಿನಲ್ಲಿ ಬಾಟಲಿಗೊಂದು ಚೀಟಿ ಅಂಟಿಸಿ ಠೇವಣಿ ಇಟ್ಟುಕೊಳ್ಳಿ, ಇಳಿಯುವಾಗ ಬಾಟಲಿ ತೋರಿಸಿದವರಿಗೆ ಹಣ ವಾಪಸ್ಸು ಕೊಡಿ. ಫಲಕದ ಮೇಲಿನ ಬುದ್ಧಿಮಾತಿಗಿಂತ ಇಪ್ಪತ್ತು ರೂಪಾಯಿ ಚೆನ್ನಾಗಿ ಕೆಲಸ ಮಾಡುತ್ತದೆ.

ಇದನ್ನೆಲ್ಲ ಯಾವುದಾದರೂ ಒಂದು ಇಲಾಖೆಗೆ ಬರೆಯಬಹುದಿತ್ತು. ಬರೆದರೆ ಏನಾಗುತ್ತದೆಂದು ಹಳ್ಳಿಯವರಿಗೆ ಗೊತ್ತು. ತೋಟ ಒಬ್ಬರದು, ವಸತಿಗೃಹ ಇನ್ನೊಬ್ಬರದು, ರಸ್ತೆ ಮತ್ತೊಬ್ಬರದು, ಇಳಿಜಾರಿನ ಕಾಡು ಮಗದೊಬ್ಬರದು, ಕೆಳಗಿನ ಗುಡಿ ಕೇಂದ್ರದ ಪುರಾತತ್ವದವರದು, ಭಾನುವಾರದ ಸೀಟಿ ಪೊಲೀಸರದು. ಪ್ರತಿಯೊಬ್ಬರೂ ಸೌಜನ್ಯದಿಂದಲೇ ಪಕ್ಕದ ಮೇಜಿಗೆ ಕಳಿಸುತ್ತಾರೆ. ಎಲ್ಲ ಮೇಜುಗಳೂ ಒಟ್ಟಿಗೆ ಸೇರುವುದು ಸಂಪುಟದಲ್ಲಿ ಮಾತ್ರ, ಆದ್ದರಿಂದ ತಮಗೇ ಬರೆದೆ.

ನಮ್ಮ ಬೇಡಿಕೆಗಳು ಹೆಚ್ಚಿಲ್ಲ. ವಾರಾಂತ್ಯ ಮತ್ತು ಹಬ್ಬದ ರಜೆಗಳಲ್ಲಿ ಖಾಸಗಿ ವಾಹನ ಬುಡದಲ್ಲೇ ನಿಲ್ಲಬೇಕು. ಅಲ್ಲಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸುಗಳು ಬಿಡುವಿಲ್ಲದೆ ಓಡಬೇಕು. ವೃದ್ಧರು, ಅಂಗವಿಕಲರು ಇರುವ ವಾಹನಕ್ಕೆ ವಿನಾಯಿತಿ ಇರಲಿ. ವಾಹನ ನಿಲ್ಲಿಸುವ ಜಾಗವನ್ನು ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ ವಹಿಸಿ, ಅದರ ಆದಾಯದಲ್ಲಿ ಶೌಚಾಲಯ ಮತ್ತು ಕಸದ ಕೆಲಸ ಅವರೇ ನೋಡಿಕೊಳ್ಳಲಿ. ಶಿವರಾತ್ರಿಯ ನಂದಿ ಜಾತ್ರೆಯಲ್ಲಿ ತೇರಿಗೆ ಸೇರುವ ಜನಸಾಗರವನ್ನೂ ದನಗಳ ಸಂತೆಯನ್ನೂ ನಿಭಾಯಿಸಿದ ಊರು ಇದು, ನಮಗೆ ಅಭ್ಯಾಸವಿದೆ. ಹಳ್ಳಿಯವರ ಹೂವು, ಹಾಲು, ಆಂಬುಲೆನ್ಸ್ ಹೋಗಲು ಭಾನುವಾರ ಬೆಳಿಗ್ಗೆ ಒಂದು ಪಥ ಖಾಲಿ ಇರಬೇಕು. ಇದೊಂದನ್ನು ಮಾತ್ರ ಅಧ್ಯಯನ, ಸಮಿತಿ ಯಾವುದನ್ನೂ ಕಾಯದೆ ಮುಂದಿನ ವಾರವೇ ಮಾಡಬಹುದು. ನೆತ್ತಿ ತಾಳುವ ಜನಸಂಖ್ಯೆಯನ್ನು ಅಳೆಸಿ, ಆ ವರದಿ ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಿ, ಆ ಮಿತಿಯೊಳಗೆ ಚೀಟಿ ಕೊಡಿ. ಸೂರ್ಯೋದಯದ ಚೀಟಿ ತುಂಬಿದರೆ ಮಧ್ಯಾಹ್ನದ್ದು, ಭಾನುವಾರದ್ದು ತುಂಬಿದರೆ ಗುರುವಾರದ್ದು ಇದೆ ಎಂದು ತೋರಿಸಿ. ಮಧ್ಯಾಹ್ನದ ಚೀಟಿಗೆ ದರ ಕಡಿಮೆಯಿರಲಿ. ಮೆಟ್ಟಿಲ ದಾರಿ ಮತ್ತು ನಂದಿ ಹಾಲ್ಟಿನ ರೈಲಿನ ಬಗ್ಗೆ ಮೇಲೆ ಬರೆದಾಗಿದೆ.

ರೋಪ್‌ವೇ ಒಪ್ಪಂದದಲ್ಲಿ ದಿನಕ್ಕೆ ಎಷ್ಟು ಜನರನ್ನು ಸಾಗಿಸುವ ಲೆಕ್ಕವಿದೆ, ಕೆಳಗಿನ ನಿಲ್ದಾಣದಲ್ಲಿ ಎಷ್ಟು ವಾಹನ ನಿಲ್ಲುತ್ತವೆ, ಕಂಬ ನೆಡಲು ಇಳಿಜಾರಿನಲ್ಲಿ ಎಷ್ಟು ಮರ ಹೋಗುತ್ತವೆ, ರಸ್ತೆ ಮುಚ್ಚುವ ಮಾತು ಅದರಲ್ಲಿ ಇದೆಯೇ: ಈ ನಾಲ್ಕಕ್ಕೂ ಲಿಖಿತ ಉತ್ತರ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ವಿಳಾಸಕ್ಕೆ ಕಳಿಸಬೇಕಾಗಿಲ್ಲ. ಬೆಟ್ಟದ ಸುತ್ತಲಿನ ಪಂಚಾಯಿತಿ ಕಚೇರಿಗಳ ಸೂಚನಾ ಫಲಕಕ್ಕೆ ಅಂಟಿಸಿದರೆ ಸಾಕು, ಹಾಲು ಹಾಕಿ ಬರುವಾಗ ಓದಿಕೊಳ್ಳುತ್ತೇವೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಂದಿಬೆಟ್ಟದ ಬುಡದ ಹಳ್ಳಿಯ ಒಬ್ಬ ಹೂವಿನ ಬೆಳೆಗಾರ್ತಿ,
ಚಿಕ್ಕಬಳ್ಳಾಪುರ ಜಿಲ್ಲೆ